ಶ್ರೀಶೈಲದ ಕಾಡುದಾರಿಯಲ್ಲಿ ಸಾತಲಿಂಗಪ್ಪನ ಸೈಕಲ್ಲು

ಅಕ್ಕಲಕೋಟ ಸೀಮೆಯ ನಾಗಣಸೂರಿನ ಸಾತಲಿಂಗಪ್ಪನಿಗೆ ನಾಲ್ಕು ವರ್ಷವಿದ್ದಾಗ ಒಂದು ವಾರ ಜ್ವರ ಬಂತು. ಬಿಟ್ಟು ಹೋಗುವಾಗ ಎಡಗಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ಆ ವಾರವೆಲ್ಲ ತಾಯಿ ಗುರಮ್ಮ ಮಗನ ತಲೆಯ ಬಳಿ ಕುಳಿತು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು: ಇವನು ಉಳಿದರೆ ಬೆಟ್ಟದ ದಾರಿಯಲ್ಲಿ ನಡೆಸಿಕೊಂಡೇ ನಿನ್ನ ಬಾಗಿಲಿಗೆ ಕರೆತರುತ್ತೇನೆ. ಮಗ ಉಳಿದ. ಆದರೆ ನಡೆಯಲಾರದವನನ್ನು ನಡೆಸಿಕೊಂಡು ಹೋಗುವುದು ಹೇಗೆ?

ಆ ಭಾಗದ ಜನ ಯುಗಾದಿಗೆ ಮುಂಚೆ ಗುಂಪು ಕಟ್ಟಿಕೊಂಡು ಶ್ರೀಶೈಲಕ್ಕೆ ನಡೆದು ಹೋಗುವುದು ಹಳೆಯ ರೂಢಿ. ಕಲಬುರ್ಗಿ, ರಾಯಚೂರು, ಕರ್ನೂಲು ದಾಟಿ ಹದಿನಾರು ಹದಿನೇಳು ದಿನದ ದಾರಿ. ಕೊನೆಯ ಮೂರು ದಿನ ನಲ್ಲಮಲದ ಕಾಡು, ಏರು, ಇಳಿಜಾರು. ಗುರಮ್ಮ ಹನ್ನೊಂದು ಸಲ ಹೋಗಿಬಂದಳು, ಹನ್ನೊಂದು ಸಲವೂ ಮಗನನ್ನು ಬಿಟ್ಟು. ತಿರುಗಿ ಬಂದಾಗ ಮಗನ ಹಣೆಗೆ ವಿಭೂತಿ ಹಚ್ಚಿ, ಬಿದಿರ ಮೆಳೆಯ ಸದ್ದು, ಬಂಡೆಯ ಮೇಲೆ ಕೂತ ನವಿಲು, ಆಳದಲ್ಲಿ ಕಾಣುವ ಕೃಷ್ಣಾ ಹೊಳೆ ಎಲ್ಲವನ್ನೂ ಹೇಳುತ್ತಿದ್ದಳು. ಎರೆಮಣ್ಣಿನ ಬಯಲಲ್ಲಿ ಬೆಳೆದ ಹುಡುಗನಿಗೆ ಬೆಟ್ಟವೆಂದರೆ ತಾಯಿಯ ಮಾತೇ ಆಗಿತ್ತು.

ಮನೆಯಲ್ಲಿ ಹೊಲವಿತ್ತು, ದುಡಿಯಲು ಅಣ್ಣ ಸಿದ್ದಣ್ಣನಿದ್ದ. ಸಾತಲಿಂಗಪ್ಪ ಕುಳಿತು ಮಾಡುವ ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋದ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಚಾದರ ನೇಯುವ ಒಂದು ಕಾರ್ಖಾನೆಯಲ್ಲಿ ನೂಲು ಸುತ್ತುವ ಕೆಲಸ ಸಿಕ್ಕಿತು. ಅಲ್ಲಿ ನೇಕಾರರಲ್ಲಿ ಬಹಳ ಮಂದಿ ಮನೆಯಲ್ಲಿ ತೆಲುಗು ಆಡುವವರು. ಅವರ ನಡುವೆ ಕುಳಿತು ಸಾತಲಿಂಗಪ್ಪನೂ ಹರುಕುಮುರುಕು ತೆಲುಗು ಕಲಿತ. ಪಕ್ಕದ ಮಗ್ಗದ ತುಕಾರಾಮ ಅವನ ಗೆಳೆಯನಾದ.

ಸೈಕಲ್ಲಿನ ಹುಚ್ಚು ಹಿಡಿಸಿದವನೂ ತುಕಾರಾಮನೇ. ಒಂದೇ ಕಾಲಲ್ಲಿ ತುಳಿದರೆ ಪೆಡಲು ಕೆಳಗೆ ಹೋಗುತ್ತದೆ, ತಾನಾಗಿ ಮೇಲೆ ಬರುವುದಿಲ್ಲ. ಮೊದಲ ವಾರ ಸಾತಲಿಂಗಪ್ಪ ಬಿದ್ದದ್ದೇ ಬಿದ್ದದ್ದು. ಎಂಟನೆಯ ದಿನ ತುಕಾರಾಮ ಮಗ್ಗದ ಹಳೆಯ ಚರ್ಮದ ಪಟ್ಟಿಯೊಂದನ್ನು ಬಲಗಡೆಯ ಪೆಡಲಿಗೆ ಹೊಲಿದ. “ಇದ್ರಾಗ ಕಾಲು ತೂರಸು. ಇಳಿಯೂಮುಂದ ಒತ್ತು, ಏರೂಮುಂದ ಎಳಿ. ನೋಡೂಣು.” ಕಾರ್ಖಾನೆಯ ಗೋಡೆ ಹಿಡಿದು ಹತ್ತಿದ ಸಾತಲಿಂಗಪ್ಪ ಆ ದಿನ ಗೇಟಿನವರೆಗೆ ಬೀಳದೆ ಹೋದ. ಎಡಗಾಲು ಸುಮ್ಮನೆ ಜೋತಾಡುತ್ತಿತ್ತು. ತನ್ನ ಮುಖಕ್ಕೆ ಗಾಳಿ ಬಡಿಯುವಷ್ಟು ಬೇಗ ಅವನು ಹಿಂದೆಂದೂ ಹೋಗಿರಲಿಲ್ಲ.

ಮುಂದೆ ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಸೈಕಲ್ಲಿನಲ್ಲೇ ಊರಿಗೆ ಬಂದ. ಡಾಂಬರು ರಸ್ತೆ ಬಿಟ್ಟು ಬಂಡಿಜಾಡು, ಬೋರಿ ಹೊಳೆಯ ದಂಡೆ, ಜಾಲಿಯ ನಡುವಿನ ಕಾಲುದಾರಿ ಹಿಡಿಯುತ್ತಿದ್ದ. ಏರು ಬಂದರೆ ಇಳಿದು ಸೈಕಲ್ಲನ್ನೇ ಊರುಗೋಲು ಮಾಡಿಕೊಳ್ಳುತ್ತಿದ್ದ. ತಲೆಯಲ್ಲಿ ಏನಿತ್ತೋ ಯಾರಿಗೂ ಹೇಳಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೈದರ ದೀಪಾವಳಿಗೆ ಗುರಮ್ಮ ಮೊಣಕಾಲು ಉಜ್ಜಿಕೊಳ್ಳುತ್ತ ಅಂದಳು, “ಇನ್ನ ನನ್ನ ಕೈಲೆ ಆಗೂದಿಲ್ಲಪ್ಪಾ. ನಿನ್ನ ಹರಕಿ ಹಂಗs ಉಳೀತು.”

“ಉಳಿಯೂದಿಲ್ಲವ್ವ. ಈ ಯುಗಾದಿಗಿ ನಾ ಹೊಂಟೀನಿ. ಸೈಕಲ್ಲಿನ ಮ್ಯಾಲ,” ಎಂದ ಸಾತಲಿಂಗಪ್ಪ.

ಗುಂಪಿನ ಹಿರಿಯ ಅಣ್ಣಾರಾಯ ಒಪ್ಪಲಿಲ್ಲ. ಮೂವತ್ತು ವರ್ಷದಿಂದ ಕಂಬಿ, ಅಂದರೆ ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಒಯ್ಯುವ ಪೂಜೆಯ ಕೋಲು, ಹೊತ್ತು ಮುಂದೆ ನಡೆದವರು ಅವರು. “ಪಾದಯಾತ್ರಿ ಅಂದ್ರ ಪಾದದ ಮ್ಯಾಲ ಹೋಗೂದು. ಗಾಲಿ ಮ್ಯಾಲ ಹ್ವಾದ್ರ ಅದೇನು ಹರಕಿ?”

“ಮುತ್ಯಾ, ನಿಮಗ ನಡಿಯೂದು ಎಷ್ಟು ತ್ರಾಸೋ, ನನಗ ತುಳಿಯೂದು ಅದಕ್ಕ ದುಪ್ಪಟ್ಟು ತ್ರಾಸ ಐತಿ. ಅದನ್ನ ಮಲ್ಲಯ್ಯ ನೋಡ್ತಾನ, ತಗೋರಿ.”

ಅಣ್ಣಾರಾಯ ನಗಲಿಲ್ಲ. “ಬಾ. ಆದ್ರ ಕಾಡಿನ್ಯಾಗ ನಿನ್ನ ಹೊತಗೊಂಡು ತಿರಗಾಕ ಯಾರೂ ಇಲ್ಲ,” ಎಂದರು. ಸಿದ್ದಣ್ಣನೂ ಗುಂಪಿಗೆ ಸೇರಿದ. ಕಾಡು ಶುರುವಾಗುವ ಮುಂಚೆ ಆತ್ಮಕೂರಿನಲ್ಲಿ ತಮ್ಮನನ್ನು ಬಸ್ಸು ಹತ್ತಿಸುವುದು ಅವನ ಲೆಕ್ಕ.

ಎಪ್ಪತ್ತಾರರ ಮಾರ್ಚಿನಲ್ಲಿ ಮೂವತ್ತನಾಲ್ಕು ಜನ ಹೊರಟರು. ಬಯಲ ದಾರಿಯಲ್ಲಿ ಸಾತಲಿಂಗಪ್ಪ ಮುಂದೆ ಹೋಗಿ ನೆರಳು, ನೀರು ಇರುವಲ್ಲಿ ಕಾಯುತ್ತಿದ್ದ. ಆತ್ಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಣ್ಣ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ.

“ಇಲ್ಲೀತನ ಬಂದಿ, ಸಾಕು. ಬಸ್ಸು ಹತ್ತು ತಮ್ಮಾ. ನಿನಗೇನರ ಆತಂದ್ರ ಅವ್ವಗ ನಾ ಏನು ಹೇಳಲಿ?”

“ಅಣ್ಣಾ, ಅವ್ವ ಇಪ್ಪತ್ನಾಲ್ಕು ವರ್ಸ ಈ ಕಾಡಿಂದೇ ಹೇಳ್ಯಾಳ. ಬಸ್ಸಿನ್ಯಾಗ ಹೋದ್ರ ನಾ ನೋಡೂದೇನು? ಬಿಡು.”

ಸಿದ್ದಣ್ಣ ಹ್ಯಾಂಡಲ್ ಬಿಟ್ಟ.

ಕಾಡಿನ ದಾರಿ ತಾಯಿ ಹೇಳಿದ್ದಕ್ಕಿಂತ ಕಠಿಣವಾಗಿತ್ತು. ನಾಗಲೂಟಿಯ ಕಲ್ಲುಮೆಟ್ಟಿಲ ಏರನ್ನು ಅವನು ಸೈಕಲ್ಲಿಗೆ ಆತುಕೊಂಡು, ಪ್ರತಿ ಮೆಟ್ಟಿಲಿಗೂ ಅದನ್ನು ಮೊದಲು ಎತ್ತಿಟ್ಟು ಆಮೇಲೆ ತನ್ನನ್ನು ಎಳೆದುಕೊಂಡು ಹತ್ತಿದ. ಮೇಲೆ ಹೋದ ಮೇಲೆ ದಾರಿ ಸಪಾಟಾಯಿತು. ಕೆಂಪು ಮಣ್ಣು, ಅದರ ಮೇಲೆ ತೇಗದ ಒಣ ಎಲೆ, ಎಲೆಯ ಕೆಳಗೆ ಎಲ್ಲಿ ಬೇರಿದೆ ಎಲ್ಲಿ ಕಲ್ಲಿದೆ ಎಂದು ಗಾಲಿಗೇ ಗೊತ್ತಾಗಬೇಕು. ಮೊದಲ ಇಳಿಜಾರಿನಲ್ಲಿ ಬ್ರೇಕಿನ ರಬ್ಬರು ಸುಟ್ಟು ವಾಸನೆ ಬಂತು, ಪೊದೆಗೆ ಬಿದ್ದು ಮೊಣಕೈ ತರಚಿಕೊಂಡ. ಆಮೇಲೆ ಒಂದು ಎಲೆ ತುಂಬಿದ ಕೊಂಬೆ ಕಡಿದು ಕ್ಯಾರಿಯರಿಗೆ ಹಗ್ಗದಿಂದ ಕಟ್ಟಿ ನೆಲಕ್ಕೆ ಬಿಟ್ಟ. ಕೊಂಬೆ ನೆಲಕ್ಕೆ ಉಜ್ಜುತ್ತ ಸೈಕಲ್ಲಿನ ಓಟವನ್ನು ತಡೆಯುತ್ತಿತ್ತು. ಧೂಳೆಬ್ಬಿಸಿಕೊಂಡು ಅವನು ಇಳಿಯುವುದನ್ನು ನೋಡಿ ಹೆಂಗಸರು ನಕ್ಕರು, ಅವನೂ ನಕ್ಕ.

ಆ ರಾತ್ರಿ ಪೆದ್ದಚೆರುವು ಎಂಬ ಕೆರೆಯ ಬಳಿ ತಂಗಿ, ಎರಡನೆಯ ದಿನ ಬೆಳಿಗ್ಗೆ ಮುಂದೆ ಹೊರಟರು. ನಾಲ್ಕು ಮೈಲಿಯ ಆಚೆ ಪ್ರತಿವರ್ಷ ನೀರು ಸಿಗುತ್ತಿದ್ದ ಒಂದು ಬಾವಿಯಿತ್ತು. ಆ ವರ್ಷ ಅದರ ತಳದಲ್ಲಿ ಕೆಸರಿತ್ತು. ಬಿಸಿಲೇರಿತ್ತು, ಕೊಡಗಳು ಖಾಲಿ. ಗುಂಪಿನಲ್ಲಿ ಎಲ್ಲರಿಗಿಂತ ವಯಸ್ಸಾದ ಸೋನಾಬಾಯಿ ಬಾವಿಯ ಕಟ್ಟೆಗೆ ಬಂದವಳೇ ಕುಸಿದಳು. ಬೆವರು ನಿಂತು ಮೈ ಸುಡುತ್ತಿತ್ತು. ಮಾತಾಡಿಸಿದರೆ ಉತ್ತರವಿಲ್ಲ.

“ಕೆರಿಗಿ ಪರತ ಹೋಗಿ ನೀರು ತರೂದಂದ್ರ ಮೂರು ತಾಸು,” ಎಂದರು ಅಣ್ಣಾರಾಯ.

“ನಾ ಒಂದು ತಾಸಿನ್ಯಾಗ ಬರ್ತೀನಿ,” ಎಂದು ಸಾತಲಿಂಗಪ್ಪ ನೀರು ತುಂಬುವ ಕ್ಯಾನ್ವಾಸ್ ಚೀಲ ನಾಲ್ಕನ್ನು ಹ್ಯಾಂಡಲಿಗೆ ಸಿಕ್ಕಿಸಿದ. ಸಿದ್ದಣ್ಣನೇ ಅವನನ್ನು ಕಟ್ಟೆಯ ಪಕ್ಕ ಸೈಕಲ್ಲಿನ ಮೇಲೆ ಎತ್ತಿ ಕೂರಿಸಿ, ಬೆನ್ನಿಗೆ ಕೈಕೊಟ್ಟು ತಳ್ಳಿದ.

ಹೋಗುವಾಗ ಹೆಚ್ಚು ಇಳಿಜಾರು. ಕೆರೆ ಬೇಗ ಸಿಕ್ಕಿತು. ಆದರೆ ತುಂಬಿದ ಚೀಲಗಳ ಭಾರಕ್ಕೆ, ಒಂದೇ ಕಾಲಲ್ಲಿ ಆ ಕಲ್ಲಿನ ಏರು ಏರುವುದು ಆಗದು ಎಂದು ಅವನಿಗೆ ಅಲ್ಲಿ ನಿಂತಾಗ ಹೊಳೆಯಿತು. ಕೆರೆಯ ದಂಡೆಯಲ್ಲಿ ಒಬ್ಬ ಚೆಂಚು ಮನುಷ್ಯ ಜೇನಿನ ಡಬ್ಬ ತೊಳೆಯುತ್ತಿದ್ದ. ಚೆಂಚುಗಳು ಆ ಕಾಡಿನಲ್ಲೇ ಹುಟ್ಟಿ ಬೆಳೆದವರು. ಸಾತಲಿಂಗಪ್ಪ ಮಗ್ಗದ ಶೆಡ್ಡಿನಲ್ಲಿ ಕಲಿತ ತೆಲುಗಿನಲ್ಲಿ, ತಪ್ಪೋ ಒಪ್ಪೋ, ಮುದುಕಿ ಸಾಯುತ್ತಿದ್ದಾಳೆ, ಬೇರೆ ದಾರಿ ಇದೆಯೇ ಎಂದು ಕೇಳಿದ.

ಅವನ ಹೆಸರು ಈದನ್ನ. ಕೇಳಿದವನೇ ಎದ್ದು, ಎರಡು ಚೀಲ ತನ್ನ ಹೆಗಲಿಗೆ ಹಾಕಿಕೊಂಡು ಓಡತೊಡಗಿದ. ಬಾವಿಯ ದಾರಿಯಲ್ಲ, ಬಿದಿರಿನ ನಡುವೆ ಗುಡ್ಡದ ಸೊಂಟ ಸುತ್ತಿಕೊಂಡು ಹೋಗುವ ಬೇರೆಯೇ ಒಂದು ಜಾಡು. ಜೇನಿಗೆ ಹೋಗುವವರ ದಾರಿಯಂತೆ. ಉದ್ದ ಹೆಚ್ಚು, ಏರು ಕಡಿಮೆ. ಒಂದು ಮೊಳ ಅಗಲ. ಎಡಕ್ಕೆ ಕಣಿವೆ ಬಾಯಿ ತೆರೆದಿತ್ತು, ಮರಗಳ ತುದಿಗಳು ಅವನ ಕಾಲಿಗಿಂತ ಕೆಳಗಿದ್ದವು. ಮುಂದೆ ಓಡುವವನ ಹಿಮ್ಮಡಿಯನ್ನು ಬಿಟ್ಟು ಸಾತಲಿಂಗಪ್ಪ ಬೇರೆ ಏನನ್ನೂ ನೋಡಲಿಲ್ಲ. ಒತ್ತು, ಎಳೆ. ಒತ್ತು, ಎಳೆ. ತೊಡೆ ಉರಿಯಿತು, ಆಮೇಲೆ ಉರಿಯುವುದೂ ನಿಂತಿತು.

ಬಾವಿಗೆ ಬಂದಾಗ ಒಂದು ತಾಸಿಗಿಂತ ಹೆಚ್ಚೇ ಆಗಿತ್ತು. ಸೋನಾಬಾಯಿಯ ಉಸಿರಿತ್ತು. ಸೀರೆ ತೋಯಿಸಿ, ಬೀಸಿ, ಚಮಚದಿಂದ ಹನಿಹನಿ ನೀರು ಬಿಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಕಣ್ಣು ಬಿಟ್ಟು, “ಯಾಕ ಎಲ್ಲಾರು ಕುಂತೀರಿ? ನಡೀರಿ,” ಎಂದಳು. ಅಣ್ಣಾರಾಯ ತಲೆಗೆ ಸುತ್ತಿದ್ದ ಪಟಗಾ ಬಿಚ್ಚಿ ಮುಖ ಒರೆಸಿಕೊಂಡರು. ಹೋಗುವ ಮುಂಚೆ ಈದನ್ನ ಸೈಕಲ್ಲಿನ ಗಂಟೆಯನ್ನು ಎರಡು ಸಲ ಬಾರಿಸಿ ನೋಡಿ ನಕ್ಕ. ಸಾತಲಿಂಗಪ್ಪ ಅದನ್ನು ಬಿಚ್ಚಿ ಅವನ ಕೈಗಿಟ್ಟ. ಕೊಡಲು ಬೇರೇನೂ ಇರಲಿಲ್ಲ.

ಮರುದಿನ ಭೀಮನ ಕೊಳ. ನೂರಾರು ಮೆಟ್ಟಿಲು ಕಣಿವೆಯ ತಳಕ್ಕೆ ಇಳಿದು, ಮತ್ತೆ ನೂರಾರು ಮೆಟ್ಟಿಲು ಕೈಲಾಸದ್ವಾರಕ್ಕೆ ಏರಬೇಕು. ಇಳಿಯುವುದನ್ನು ಸಾತಲಿಂಗಪ್ಪ ಕುಳಿತುಕೊಂಡೇ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರಿ ಮುಗಿಸಿದ. ಸೈಕಲ್ಲನ್ನು ಹೇಗೆ ಸಾಗಿಸುವುದೆಂದು ಅವನು ತಿರುಗಿ ನೋಡಿದರೆ, ಅದು ಆಗಲೇ ಅಣ್ಣಾರಾಯರ ಹೆಗಲ ಮೇಲಿತ್ತು. ಕಂಬಿಯನ್ನು ಇನ್ನೊಬ್ಬರಿಗೆ ಕೊಟ್ಟು ಬಂದಿದ್ದರು.

“ಮುತ್ಯಾ, ಬ್ಯಾಡ್ರಿ. ಪಾಪ ಬರ್ತದ ನನಗ.”

“ಸುಮ್ ನಡಿ. ಇದೂ ಕಂಬೀನೆ.”

ಏರಿನ ಅರ್ಧದಲ್ಲಿ ಬಲಗಾಲು ಪೂರ್ತಿ ಸೋತಿತು. ಸಿದ್ದಣ್ಣ ಮುಂದೆ ಬಂದು ಬೆನ್ನು ಬಗ್ಗಿಸಿ ಕುಳಿತ. ಚಿಕ್ಕವನಿದ್ದಾಗ ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದವನೂ ಅವನೇ. ಸಾತಲಿಂಗಪ್ಪ ಅಣ್ಣನ ಕೊರಳಿಗೆ ಕೈ ಹಾಕಿದ. ಮೇಲೆ ತಲುಪಿದಾಗ ಅಣ್ಣನ ಅಂಗಿಯ ಬೆನ್ನು ತೋಯ್ದಿತ್ತು. ಬೆವರೆಷ್ಟು, ತನ್ನ ಕಣ್ಣೀರೆಷ್ಟು ಎಂದು ಅವನೇ ಹೇಳಲಾರದವನಾಗಿದ್ದ.

ಮಲ್ಲಯ್ಯನ ದರ್ಶನ ಮುಗಿಸಿ ಊರಿಗೆ ಮರಳಿದ ದಿನ ಗುರಮ್ಮನ ಹಣೆಗೆ ವಿಭೂತಿ ಹಚ್ಚಿದವನು ಮಗ. ಅವಳು ಮುಚ್ಚಿದ ಕಣ್ಣಲ್ಲೇ, “ನವಿಲು ಕಂಡ್ವೇನು?” ಎಂದು ಕೇಳಿದಳು. ಅವನು ಸಂಜೆಯವರೆಗೆ ಹೇಳಿದ. ಕೊನೆಗೆ ಅಂದ, “ನಾ ಒಬ್ಬನs ಹೋಗಿ ಬಂದೀನಿ ಅನಬ್ಯಾಡವ್ವ. ತುಕಾರಾಮನ ಪಟ್ಟಿ, ಅಣ್ಣನ ಬೆನ್ನು, ಮುತ್ಯಾನ ಹೆಗಲು, ನಮ್ಮ ಹೆಸರೂ ಕೇಳದ ಆ ಜೇನಿನ ಈದನ್ನನ ಕಾಲು. ಇಷ್ಟು ಮಂದಿ ಕೂಡಿ ಹೋಗೀವಿ.”

ಮುಂದಿನ ವರ್ಷ ಮತ್ತೆ ಹೋದ, ಅದರ ಮುಂದಿನ ವರ್ಷವೂ. ಮೈಲಿಗೊಂದು ಕಡೆ ನೀರಿದೆಯೇ ಎಂದು ಮುಂದೆ ಹೋಗಿ ನೋಡಿ ಬರುವುದು ಅವನ ಪಾಲಿನ ಸೇವೆಯಾಯಿತು. ಎಪ್ಪತ್ತೊಂಬತ್ತರಲ್ಲಿ ಮಂಗಳವೇಢೆ ಕಡೆಯ ಸಲಗರ ಬುದ್ರುಕದಿಂದ ಮೊಣಕಾಲು ಮುರಿದಿದ್ದ ಸಾಯಬಣ್ಣನೆಂಬ ರೈತ ಸೈಕಲ್ಲು ತಳ್ಳಿಕೊಂಡು ನಾಗಣಸೂರಿಗೆ ಬಂದು, ತನ್ನನ್ನೂ ಕರೆದುಕೊಳ್ಳಿ ಎಂದು ಕೇಳಿಕೊಂಡ. ಸಾತಲಿಂಗಪ್ಪ ಅಣ್ಣಾರಾಯರ ಮುಖ ನೋಡಿದ.

“ನನ್ನ ಯಾಕ ನೋಡ್ತಿ?” ಎಂದರು ಮುದುಕರು. “ಇಳಿಜಾರಿನ್ಯಾಗ ಸೈಕಲ್ಲಿಗಿ ಟೊಂಗಿ ಹೆಂಗ ಕಟ್ಟೂದು ಅಂತ ಅವಗ ತೋರಸು, ಹೋಗು.”