ಕಲ್ಲಮ್ಮ ಮುಚ್ಚಿಟ್ಟ ಮಾತು

ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಕಲ್ಲಮ್ಮನಿಗೆ ಎದೆಯ ಗಡ್ಡೆ ತೆಗೆಸಿ ನಾಲ್ಕು ತಿಂಗಳಾಗಿತ್ತು. ಮೂರು ವಾರಕ್ಕೊಮ್ಮೆ ಗಂಡ ಓಂಕಾರಪ್ಪನ ಜೊತೆ ಶಿವಮೊಗ್ಗಕ್ಕೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಿದ್ದಳು. ಹಿಟ್ಟನ್ನು ಬೆರಳಲ್ಲಿ ತಿಕ್ಕಿಯೇ ನುಣುಪು ಹೇಳುತ್ತಿದ್ದವಳಿಗೆ ಮೂರನೆಯ ಕೀಮೋ ಆದ ಮೇಲೆ ಬೆರಳ ತುದಿ ಜೋಮು ಹಿಡಿಯಿತು. ರವಿಕೆಯ ಹುಕ್ಕು ಹಾಕಲೂ ತಡಕಾಡುತ್ತಿದ್ದಳು.

ಡಾಕ್ಟರ್ ರಮ್ಯಶ್ರೀ ಪ್ರತಿ ಸಲ ಕೇಳುತ್ತಿದ್ದರು, "ಕೈಕಾಲು ಜೋಮು ಬರುತ್ತಾ? ಬಾಯಿ ಹುಣ್ಣು?"

"ಏನಿಲ್ಲ ಮೇಡಂ, ಆರಾಮ ಐತೆ."

ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ, ಕಡಿಮೆಯಾದರೆ ಕಾಯಿಲೆ ಮತ್ತೆ ಬರುತ್ತದೆ ಎಂಬ ಹೆದರಿಕೆ ಅವಳಿಗೆ. ಓಂಕಾರಪ್ಪನಿಗೂ ಹೇಳಿರಲಿಲ್ಲ.

ನಾಲ್ಕನೆಯ ಕೀಮೋ ಆಗಿ ಒಂಬತ್ತನೆಯ ದಿನ. ಮಧ್ಯಾಹ್ನ ರಾಗಿ ಬೀಸುತ್ತಿದ್ದಾಗ ಚಳಿ ಹತ್ತಿತು. ಥರ್ಮಾಮೀಟರ್ ಇಟ್ಟು ನೋಡಿದರೆ ನೂರೊಂದು. ಯಾರಿಗೂ ಗೊತ್ತಾಗುವುದರೊಳಗೆ ಇಳಿಸಿಕೊಳ್ಳೋಣ ಎಂದು ಜ್ವರದ ಗುಳಿಗೆ ಬಾಯಿಗೆ ಒಯ್ದಳು. ಅಷ್ಟರಲ್ಲಿ ಬಂದ ಓಂಕಾರಪ್ಪ ಥರ್ಮಾಮೀಟರ್ ಕಂಡು ಅವಳ ಕೈ ಹಿಡಿದ.

"ಜ್ವರ ಬಂದ್ರೆ ಗುಳಿಗೆ ನುಂಗಬ್ಯಾಡ, ಮೊದ್ಲು ಫೋನ್ ಮಾಡು ಅಂತ ಎಷ್ಟು ಸಲ ಹೇಳ್ಯಾರೆ!"

"ಬರೀ ನೆಗಡಿ ಜ್ವರ ಕಣ್ರೀ. ಬಿಡ್ರಿ ಕೈ."

ಅವನು ಬಿಡಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದ. ನರ್ಸ್ ಆಶಾ ಒಂದೇ ಉಸಿರಿಗೆ ಹೇಳಿದಳು: "ಗುಳಿಗೆ ಕೊಡಬೇಡಿ. ಜ್ವರ ಅಷ್ಟೇ ಮರೆಯಾಗುತ್ತೆ, ಸೋಂಕು ಒಳಗೇ ಬೆಳೆಯುತ್ತೆ. ಬಿಳಿ ರಕ್ತಕಣ ಇಳಿಯೋ ದಿನಗಳು ಇವು. ಈಗಲೇ ಹೊರಡಿ."

ಪಕ್ಕದ ಅಂಗಡಿಯ ರಘುನಾಥ ಕಾರು ತೆಗೆದ. ಸವಳಂಗ ದಾಟುವಷ್ಟರಲ್ಲಿ ಕಲ್ಲಮ್ಮನ ಹಲ್ಲು ಕಟಕಟ ಎನ್ನುತ್ತಿದ್ದವು. "ಗಿರಣಿ ಬಂದ್ ಮಾಡಿದ್ರಾ?" ಎಂದು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದಳು. ಓಂಕಾರಪ್ಪ ಪ್ರತಿ ಸಲ "ಹ್ಞೂಂ, ಮಾಡೀನಿ" ಎಂದ.

ಆಸ್ಪತ್ರೆಯಲ್ಲಿ ಸರದಿ ಕಾಯಿಸಲಿಲ್ಲ. ಬಿಪಿ ಇಳಿದಿತ್ತು. ಎರಡೂ ತೋಳಿನಿಂದ ರಕ್ತ ತೆಗೆದು, ವರದಿ ಬರುವ ಮೊದಲೇ ಸಲೈನ್, ಆಂಟಿಬಯಾಟಿಕ್ ಶುರು ಮಾಡಿದರು. ಸಕ್ಕರೆ ನೋಡಲು ಆಶಾ ಬೆರಳ ತುದಿ ಚುಚ್ಚಿದಳು. ಗೋಡೆಯತ್ತ ನೋಡುತ್ತಿದ್ದ ಕಲ್ಲಮ್ಮ ಕದಲಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ರಮ್ಯಶ್ರೀ ಆ ಬೆರಳನ್ನೇ ದಿಟ್ಟಿಸಿದರು.

"ಚುಚ್ಚಿದ್ದು ಗೊತ್ತಾಗ್ಲಿಲ್ವಾ?"

ಕಲ್ಲಮ್ಮನಿಗೆ ಅಳು ತಡೆಯಲಾಗಲಿಲ್ಲ. "ತಿಂಗಳಾತು ಮೇಡಂ. ಹೇಳಿದ್ರೆ ಔಷಧಿ ಕಮ್ಮಿ ಮಾಡ್ತೀರಿ ಅಂತ ಸುಮ್ಕಿದ್ದೆ."

"ನನಗಾದ್ರೂ ಹೇಳಬಾರ್ದಿತ್ತಾ?" ಎಂದು ಓಂಕಾರಪ್ಪ ಅವಳ ಬೆರಳುಗಳನ್ನು ಹಿಡಿದುಕೊಂಡ.

ಡಾಕ್ಟರ್ ಗದರಲಿಲ್ಲ. "ಸ್ವಲ್ಪ ಇಳಿಸಿದ್ರೆ ಚಿಕಿತ್ಸೆ ಕೈಬಿಟ್ಟ ಹಾಗಲ್ಲ ಕಲ್ಲಮ್ಮ. ಈ ಔಷಧಿಗೆ ನರ ಪೂರ್ತಿ ಕೆಟ್ಟರೆ ಆಗ ನಿಲ್ಲಿಸಲೇಬೇಕಾಗುತ್ತೆ. ನೀವು ಬಾಯಿಬಿಟ್ಟು ಹೇಳಿದ್ರೆ ತಾನೇ ನಾನು ಅಳತೆ ನೋಡಿ ಕೊಡೋದು?"

ವರದಿ ಬಂತು. ಸೋಂಕಿನ ವಿರುದ್ಧ ಹೋರಾಡುವ ಕಣಗಳು ಸಾವಿರದೈನೂರಾದರೂ ಇರಬೇಕಾದಲ್ಲಿ ಇನ್ನೂರು. ಎರಡು ದಿನ ಜ್ವರ ಏರುತ್ತ ಇಳಿಯುತ್ತ ಎಲ್ಲರನ್ನೂ ಆಟವಾಡಿಸಿತು. ಮೂರನೆಯ ದಿನ ಬಿಟ್ಟಿತು.

ಐದನೆಯ ಕೀಮೋ ಒಂದು ವಾರ ಮುಂದೆ ಹೋಯಿತು. ಔಷಧಿ ಇಳಿಸಿದರು, ಮರುದಿನ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಜ್ವರ ಬರಲಿಲ್ಲ. ಕೊನೆಯ, ಆರನೆಯ ಕೀಮೋ ಮುಗಿಸಿ ಹೊರಟ ದಿನ ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಓಂಕಾರಪ್ಪ ಮಸಾಲೆ ದೋಸೆ ಕೊಡಿಸಿದ. ಖಾರಕ್ಕೆ ಬಾಯಿ ಉರಿಯಿತು. ಕಲ್ಲಮ್ಮ ಕಣ್ಣೊರೆಸಿಕೊಳ್ಳುತ್ತಲೇ ಪೂರ್ತಿ ತಿಂದಳು.