ರಜಿಯಾ ಮಾಡದ ಫೋನ್

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ರಾತ್ರಿ ತಡವಾಗಿ ಉಂಡಿರಬೇಕು, ಏನೋ ಕಂಡಿದೆ ಎನ್ನುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆಂದೂ ಹೇಳಲಾರೆ.

ಎಂಬತ್ತರ ದಶಕದ ಕೊನೆ. ರಾಯಚೂರಿನ ಹತ್ತಿ ಮಿಲ್ಲೊಂದರ ಆಫೀಸಿನಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದರಲ್ಲಿ ದಿನದ ಕೆಲಸ, ಇನ್ನೊಂದು ಅದರ ನಕಲನ್ನು ಜೋಪಾನವಾಗಿಡಲಿಕ್ಕೆ. ನೋಡಿಕೊಳ್ಳುವವರು ನಾನು ಮತ್ತು ಮಾನ್ವಿಯ ರಜಿಯಾ. ಇಬ್ಬರದೂ ಹೈದರಾಬಾದಿನಲ್ಲಿ ಒಂದೇ ತರಬೇತಿ, ಕೆಲಸಕ್ಕೆ ಮೊದಲು ಸೇರಿದವನು ನಾನು. ಆದರೂ ಮ್ಯಾನೇಜರರು ಏನಾದರೂ ಕೆಟ್ಟಾಗ ಕರೆಯುತ್ತಿದ್ದುದು ಅವಳನ್ನೇ. ನಾನು ಬೆಳಗಿನಿಂದ ಹೆಣಗಿದ ಯಂತ್ರ ಅವಳು ಬಂದು ಕೂತರೆ ಸುಮ್ಮನೆ ನಡೆಯುತ್ತಿತ್ತು. ಅವಳ ಚಪ್ಪಲಿ ಬಾಗಿಲಲ್ಲಿ ಕಂಡರೂ ನನಗೆ ಹೊಟ್ಟೆಯುರಿ.

ನಕಲಿನ ಯಂತ್ರದ ಡಿಸ್ಕನ್ನು ಎರಡು ಭಾಗ ಮಾಡಿದ್ದರು. ಒಂದು ತುಂಬಿ ಜಾಗವಿರಲಿಲ್ಲ, ಇನ್ನೊಂದು ಖಾಲಿ ಬಿದ್ದಿತ್ತು. ಎಲ್ಲ ಅಳಿಸಿ, ಹೊಸದಾಗಿ ಪಾಲು ಮಾಡಿ, ಮೊದಲ ಯಂತ್ರದಿಂದ ಮತ್ತೆ ನಕಲು ತುಂಬಬೇಕಿತ್ತು. ರಜಿಯಾ ತಂಗಿಯ ನಿಕಾಹಕ್ಕೆ ದೇವದುರ್ಗಕ್ಕೆ ಹೋಗಿದ್ದಳು. ಕೆಲಸ ನನಗೆ ಬಂತು. ಆ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ.

ಮಧ್ಯಾಹ್ನ, ಅಳಿಸಲು ಒಂದು ಕೀಲಿ ಒತ್ತುವುದಷ್ಟೇ ಬಾಕಿಯಿದ್ದಾಗ ಫೋನ್ ರಿಂಗಾಯಿತು. ಜವಾನ ಹನುಮಂತಪ್ಪ ಎತ್ತಿಕೊಂಡ.

“ರಜಿಯಾ ಬಾಯಾರು ಅದಾರ್ರಿ. ನಿಮ್ಮನ್ನ ಕೇಳಾಕತ್ತಾರ.”

ಮದುವೆಮನೆಯಿಂದಲೂ ಇವಳಿಗೆ ನನ್ನ ಕೆಲಸದ ಮೇಲೇ ಕಣ್ಣೇ ಎಂದು ಸಿಟ್ಟು ಬಂತು. ಅವಳದೇ ದನಿ, ಹಿಂದೆ ಹೆಂಗಸರ ಗದ್ದಲ.

“ಅಳಸಬ್ಯಾಡ್ರಿ ಸರ್. ಮೊದ್ಲಿನ ಮಶೀನಿನಾಗ ಹೋದ ವರ್ಷದ ಲೆಕ್ಕ ಓದಾಕ ಬರ್ತದೇನು, ನೋಡ್ರಿ.”

ಅಷ್ಟಕ್ಕೇ ಇಟ್ಟಳು.

ನೋಡಬಾರದೆಂದು ಹಟ ಹಿಡಿದು ಕೂತೆ. ಕೊನೆಗೆ ತಡೆಯಲಾರದೆ ನೋಡಿದೆ. ಹೋದ ವರ್ಷದ್ದೆಲ್ಲ ಕೆಟ್ಟುಹೋಗಿತ್ತು. ಉಳಿದಿದ್ದು ನಾನು ಅಳಿಸಹೊರಟಿದ್ದ ನಕಲೊಂದೇ. ಅದನ್ನು ಫ್ಲಾಪಿಗಳಿಗೆ ಇಳಿಸಿಕೊಂಡೇ ಆಮೇಲೆ ಡಿಸ್ಕನ್ನು ಪಾಲು ಮಾಡಿದೆ. ಮ್ಯಾನೇಜರರಿಗೆ ನಡೆದದ್ದನ್ನು ಹೇಳಿದರೆ, ಊರಲ್ಲಿಲ್ಲದಿದ್ದರೂ ರಜಿಯಾಳೇ ಬೇಕಾಯಿತು ನೋಡಿ ಎಂದು ನಕ್ಕರು. ಆ ರಾತ್ರಿ ಊಟ ಸೇರಲಿಲ್ಲ.

ರಜಿಯಾ ಮದುವೆಯ ಸಿಹಿ ಹಿಡಿದು ಬಂದಾಗ, ಮನಸ್ಸಿಲ್ಲದಿದ್ದರೂ ಉಪಕಾರವಾಯಿತೆಂದೆ. ಅವಳಿಗೆ ಅರ್ಥವಾಗಲಿಲ್ಲ. ಮದುವೆಮನೆಯಲ್ಲಿ ಫೋನೇ ಇಲ್ಲವಂತೆ. ಆ ಹೊತ್ತಿಗೆ ತಂಗಿಯನ್ನು ಕಳಿಸಿಕೊಡುತ್ತ ಅಳುತ್ತಿದ್ದಳಂತೆ. ಮೊದಲ ಯಂತ್ರ ಕೆಟ್ಟಿದ್ದು ಅವಳಿಗೂ ಗೊತ್ತಿರಲಿಲ್ಲ. ಹನುಮಂತಪ್ಪ ಮಾತ್ರ ದನಿ ಅವಳದೇ ಎಂದು ಆಣೆ ಮಾಡಿದ.

ಅವಳು ಹೆದರಿಯಾಳು ಎಂದುಕೊಂಡಿದ್ದೆ. ಹೆದರಲಿಲ್ಲ, ಮುಖ ಬಿಗಿಯಾಯಿತು. ಸಂಜೆ ಹೊರಡುವಾಗ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ನನ್ನ ದನೀಲೆ ಹೇಳೂದಿತ್ತಂದ್ರ ನನಗ ಹೇಳಬೇಕಿತ್ತಲ್ರಿ ಸರ್. ನಿಮಗ್ಯಾಕ ಹೇಳ್ತು?”

ಅವಳ ಕಣ್ಣಲ್ಲಿದ್ದ ಉರಿ ನನಗೆ ಪರಿಚಯದ್ದೇ. ಅವಳ ಚಪ್ಪಲಿ ಬಾಗಿಲಲ್ಲಿ ಕಂಡಾಗ ನನ್ನಲ್ಲಿ ಏಳುತ್ತಿದ್ದುದು ಅದೇ.