ಗೀತಮ್ಮ ಬರೆದ ವ್ಯಾಜಸ್ತುತಿ

ಬಿ.ಜಿ. ಕೆರೆಯಿಂದ ಮೂರು ಮೈಲಿ ಒಳಗಿರುವ ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದ ವರ್ಷವೇ ಗೀತಮ್ಮ ಅಡುಗೆಯವಳಾಗಿ ಸೇರಿದಳು. ಆಗ ಅವಳಿಗೆ ಇಪ್ಪತ್ತೆಂಟು. ಎಂಬತ್ತು ಮಕ್ಕಳಿಗೆ ಅನ್ನ ಸಾಂಬಾರು ಮಾಡಿ, ಬಡಿಸಿ, ಪಾತ್ರೆ ತೊಳೆದಿಡುವಷ್ಟರಲ್ಲಿ ಮೂರು ಗಂಟೆ. ಆ ಕೆಲಸ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಆದರೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಅಂಗನವಾಡಿ ಇತ್ತು. ಅಲ್ಲಿನ ವಯಸ್ಸಾದ ಟೀಚರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಅವರು ಮಕ್ಕಳಿಗೆ ಹಾಡು ಹೇಳಿಕೊಡುವುದನ್ನು ಒಲೆಯ ಮುಂದೆ ಕೂತು ಕೇಳುವಾಗಲೆಲ್ಲ, ಇದು ನಾನು ಮಾಡಬೇಕಾದ ಕೆಲಸ ಅಂತ ಗೀತಮ್ಮನಿಗೆ ಅನ್ನಿಸುತ್ತಿತ್ತು.

ಆ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಿತ್ತು. ಗೀತಮ್ಮ ತೊಂಬತ್ತೊಂದರಲ್ಲಿ ಎರಡು ವಿಷಯಗಳಲ್ಲಿ ಹೋಗಿದ್ದಳು: ಗಣಿತ ಮತ್ತು ಕನ್ನಡ. ಗಣಿತದ ಬಗ್ಗೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ, ಅದರಲ್ಲಿ ಹಟ್ಟಿಯ ಮುಕ್ಕಾಲು ಜನ ಹೋದವರೇ. ಕನ್ನಡದಲ್ಲಿ ಫೇಲು ಅಂದರೆ ಮಾತ್ರ ಎಲ್ಲರಿಗೂ ನಗು. "ಅಲ್ಲವೇ, ಕನ್ನಡದಾಗೂ ಯಾರಾನ ಫೇಲಾಗ್ತಾರಾ?" ಅಂತ ಬಾವಿ ಹತ್ತಿರ ಕೇಳಿದವರಿಗೆಲ್ಲ ಉತ್ತರ ಹೇಳಿ ಅವಳಿಗೆ ಸಾಕಾಗಿತ್ತು. ಮನೆಯಲ್ಲಿ ಅವಳವ್ವ ಯರ್ರಮ್ಮ ಆಡುತ್ತಿದ್ದುದು ತೆಲುಗು. ಸಂತೆಗೆ ಹೋದಾಗಷ್ಟೇ ಅವಳ ಬಾಯಲ್ಲಿ ಕನ್ನಡ. ಗೀತಮ್ಮ ಕನ್ನಡ ಕಲಿತಿದ್ದು ಶಾಲೆಯಲ್ಲಿ, ಅಕ್ಷರದಿಂದ. ಅದನ್ನು ಹೇಳಿದರೆ ನೆಪ ಹೇಳುತ್ತಾಳೆ ಅನ್ನುತ್ತಿದ್ದರು.

ಗಂಡ ದುರುಗಣ್ಣ ಟ್ರ್ಯಾಕ್ಟರ್ ಓಡಿಸುತ್ತಿದ್ದ. "ಪರೀಕ್ಷೆಗೆ ಕಟ್ಟಿ ನೋಡು, ಹೋಗೋದೇನೈತೆ" ಅಂದ. ಅವಳು ಎರಡೂ ವಿಷಯ ಕಟ್ಟಿದಳು. ಯಾರೂ ನಿರೀಕ್ಷಿಸದ ಗಣಿತ ಮೊದಲ ಸಲಕ್ಕೇ ಪಾಸಾಯಿತು. ಕನ್ನಡ ಉಳಿಯಿತು.

ಹಾಗಾಗಿ ಎರಡು ಸಾವಿರದ ಮೂರನೇ ಇಸವಿ ದಸರಾ ಕಳೆದ ಮೇಲೆ ಅವಳು ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹಿಂದಿದ್ದ ಒಂದು ಟ್ಯುಟೋರಿಯಲ್ಲಿಗೆ ಭಾನುವಾರದ ಕ್ಲಾಸಿಗೆ ಸೇರಿದಳು. ಗೊಬ್ಬರದಂಗಡಿಯ ಮಹಡಿಯ ಮೇಲಿನ ಒಂದೇ ಕೋಣೆ. ಬೆಂಚುಗಳ ತುಂಬ ಹದಿನಾರು ಹದಿನೇಳರ ಹುಡುಗ ಹುಡುಗಿಯರು. ಮೊದಲ ದಿನ ಅವಳು ಒಳಗೆ ಬಂದಾಗ ಯಾರದೋ ತಾಯಿ ಬಂದಿದ್ದಾರೆಂದು ಜಾಗ ಬಿಟ್ಟುಕೊಟ್ಟರು. ಪಾಠ ಹೇಳುತ್ತಿದ್ದವರು ಬಾಲರಾಜ್ ಮೇಷ್ಟ್ರು. ಕನ್ನಡ, ಹಿಂದಿ, ಸಮಾಜ ಮೂರೂ ಅವರದೇ. ಕೈಯಲ್ಲಿ ಯಾವಾಗಲೂ ಒಂದು ಗೈಡು. ಪಠ್ಯಪುಸ್ತಕ ಅವರ ಮೇಜಿನ ಮೇಲೆ ಒಂದು ದಿನವೂ ಕಂಡಿರಲಿಲ್ಲ.

ಅವಳು ಓದುವಾಗಿನ ಪಠ್ಯ ಬದಲಾಗಿ ಹೊಸ ಪುಸ್ತಕ ಬಂದಿತ್ತು. ಅದರಲ್ಲಿ ಆರು ಪುಟದ ಒಂದು ಕತೆ: ನಿದ್ದೆ ಅಂದರೇನೆಂದೇ ಗೊತ್ತಿಲ್ಲದ ಒಂದು ಗ್ರಹದವರು ಅದನ್ನು ಕಲಿತು ಬರಲು ಒಂದು ಯಂತ್ರವನ್ನು ಭೂಮಿಗೆ ಕಳಿಸುತ್ತಾರೆ. ಯಂತ್ರ ಇಳಿಯುವುದು ಒಂದು ಕಚೇರಿಯ ಅಂಗಳದಲ್ಲಿ, ಒಳಗೆ ಸಾಹೇಬರೆಲ್ಲ ಕುರ್ಚಿಯಲ್ಲೇ ನಿದ್ದೆ ಹೊಡೆಯುತ್ತಿರುತ್ತಾರೆ. ಅಲ್ಲಿ ಕಂಡಿದ್ದನ್ನೆಲ್ಲ ಅದು ಭಕ್ತಿಯಿಂದ ತನ್ನ ಗ್ರಹಕ್ಕೆ ವರದಿ ಮಾಡುತ್ತದೆ. "ಇಲ್ಲಿನ ಜ್ಞಾನಿಗಳು ಕಣ್ಣು ಮುಚ್ಚಿಕೊಂಡೇ ಸಹಿ ಹಾಕಬಲ್ಲರು. ಇಂಥ ಸಾಧಕರು ನಮ್ಮಲ್ಲಿ ಒಬ್ಬರೂ ಇಲ್ಲ. ಜನ ಮುಂಜಾನೆಯಿಂದ ಸಾಲಾಗಿ ನಿಂತು ಅವರ ಎಚ್ಚರಕ್ಕಾಗಿ ಪ್ರಾರ್ಥಿಸುತ್ತಾರೆ."

ಗೀತಮ್ಮ ಇದನ್ನು ಓದಿದ್ದು ಚಳ್ಳಕೆರೆಯಿಂದ ವಾಪಸು ಬರುವ ಬಸ್ಸಿನಲ್ಲಿ. ತಳುಕು ದಾಟುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡರೂ ಕಣ್ಣಲ್ಲಿ ನೀರು. ಪಕ್ಕದಲ್ಲಿ ಈರುಳ್ಳಿ ಚೀಲ ಹಿಡಿದು ಕೂತಿದ್ದ ಮುದುಕಿ ಸ್ವಲ್ಪ ಆ ಕಡೆ ಸರಿದು ಕೂತಳು. ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಲು ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಗೆ ಏಳು ಸಲ ಅಲೆದಿದ್ದವಳು ಗೀತಮ್ಮ. ಆ ಯಂತ್ರ ನೋಡಿದ ಕುರ್ಚಿಯನ್ನು ಅವಳೂ ನೋಡಿದ್ದಳು. ಮನೆಗೆ ಬಂದು ಅವ್ವನಿಗೆ ಇಡೀ ಕತೆಯನ್ನು ತೆಲುಗಿನಲ್ಲಿ ಹೇಳಿದಳು. ಎಲೆ ಅಡಿಕೆ ಹಾಕಿಕೊಂಡಿದ್ದ ಯರ್ರಮ್ಮ ನಗು ಉಕ್ಕಿ ಕೆಮ್ಮಿ ಎಲ್ಲ ಉಗುಳಬೇಕಾಯಿತು. ಒಂದು ಪಾಠ ಇಷ್ಟು ತನ್ನದು ಅನ್ನಿಸಿದ್ದು ಗೀತಮ್ಮನ ಬದುಕಿನಲ್ಲಿ ಅದೇ ಮೊದಲು.

ಮುಂದಿನ ಭಾನುವಾರ ಮೇಷ್ಟ್ರು ಅದೇ ಪಾಠ ತೆಗೆದರು.

"ಬರ್ಕೊಳ್ರಿ. ಪಾಠದ ಆಶಯ: ವಿಜ್ಞಾನದ ದುಷ್ಪರಿಣಾಮಗಳು. ಅಲಂಕಾರ: 'ಕಣ್ಣು ಮುಚ್ಚಿಕೊಂಡೇ ಸಹಿ ಹಾಕಬಲ್ಲರು' ಅನ್ನೋ ಸಾಲಿದೆಯಲ್ಲ, ಅದು ಅತಿಶಯೋಕ್ತಿ. ಲಕ್ಷಣ: ಇದ್ದದ್ದನ್ನು ಮಿತಿಮೀರಿ ಹಿಗ್ಗಿಸಿ ಹೇಳುವುದು. ಮೂರು ಅಂಕಕ್ಕೆ ಬಂದೇ ಬರ್ತದೆ."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಗೀತಮ್ಮ ಎದ್ದು ನಿಂತಳು.

"ಸಾರ್, ಈ ಕತ್ಯಾಗೆ ವಿಜ್ಞಾನದ್ದು ಏನೂ ತಪ್ಪಿಲ್ಲಲ್ರಿ. ಆ ಯಂತ್ರ ಪಾಪದ್ದು. ತಪ್ಪೆಲ್ಲ ಕುರ್ಚ್ಯಾಗೆ ಮಲಗಿರೋರ್ದು."

"ಯಂತ್ರ ಅಂದ್ಮೇಲೆ ವಿಜ್ಞಾನವೇ ಅಲ್ವೇನಮ್ಮ?"

"ಯಂತ್ರ ಬರೀ ನೋಡಾಕೆ ಬಂದೈತೆ ಸಾರ್. ಮತ್ತೆ ಅಲ್ಲಿ ಹಿಗ್ಗಿಸಿ ಹೇಳಿದ್ದೂ ಇಲ್ಲ. ಅಲ್ಲಿ ಇದ್ದಿದ್ದೇ ಅಷ್ಟು. ಅದು ನಗಿಸ್ಬೇಕು ಅಂತ ಹೇಳ್ತಿಲ್ಲ, ನಿಜವಾಗ್ಲೂ ದೊಡ್ಡೋರು ಅಂದ್ಕಂಡು ಹೊಗಳ್ತೈತೆ. ಅದು ಹೊಗಳ್ದಷ್ಟೂ ಇವ್ರ ಮಾನ ಹೋಗ್ತೈತೆ. ಅದಕ್ಕೇ ನಗು ಬರಾದು."

ಮೇಷ್ಟ್ರು ಗೈಡಿನ ಪುಟ ತಿರುಗಿಸಿ ನೋಡಿದರು, ಮತ್ತೆ ಹಿಂದಿನ ಪುಟಕ್ಕೆ ಬಂದರು. "ಗೈಡಲ್ಲಿ ಅತಿಶಯೋಕ್ತಿ ಅಂತಿದೆ. ನೀವು ಹೋದ ಸಲ ಎಷ್ಟರಲ್ಲಿ ಫೇಲಾಗಿದ್ದು?" ಅಂದರು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಕೇಳಿಸಿತು. ಗೀತಮ್ಮ ಕೂತಳು.

ಅವಳು ಅಷ್ಟಕ್ಕೆ ಬಿಡಲಿಲ್ಲ. ಶಾಲೆಯ ಕಬ್ಬಿಣದ ಬೀರುವಿನಲ್ಲಿ ಹಳೆಯ ವ್ಯಾಕರಣದ ಪುಸ್ತಕಗಳಿದ್ದವು. ಹೆಡ್‌ಮಿಸ್ ಚಿತ್ರಾ ಮೇಡಂ ಕೇಳಿದ ಕೂಡಲೇ ಕೀ ಕೊಟ್ಟರು. ಸಾಂಬಾರಿಗೆ ಬೇಳೆ ಬೇಯಲು ಇಟ್ಟು, ಗೆದ್ದಲು ತಿಂದ ಒಂದು ಪುಸ್ತಕದಲ್ಲಿ ಅಲಂಕಾರದ ಭಾಗವನ್ನು ಅವಳು ಒಂದೊಂದೇ ಓದಿದಳು. ಉಪಮೆ, ರೂಪಕ, ದೃಷ್ಟಾಂತ, ಶ್ಲೇಷೆ. ಯಾವುದೂ ಹೊಂದಲಿಲ್ಲ. ಮೂರನೇ ದಿನ ಸಿಕ್ಕಿತು: ವ್ಯಾಜಸ್ತುತಿ. ಮೇಲ್ನೋಟಕ್ಕೆ ಹೊಗಳಿಕೆಯಂತೆ ಕಂಡು ಒಳಗೆ ನಿಂದೆಯಾಗಿರುವುದು. ಅವಳು ಸೌಟು ಹಿಡಿದುಕೊಂಡೇ ಚಿತ್ರಾ ಮೇಡಂ ಕೋಣೆಗೆ ಓಡಿದಳು.

"ಮೇಡಂ, ಇದಕ್ಕೆ ಹೆಸ್ರೈತೆ! ನಾನು ಹೇಳಿದ್ದಕ್ಕೆ ಹೆಸ್ರೈತೆ!"

ಚಿತ್ರಾ ಮೇಡಂ ಕತೆ ಓದಿದರು, ಲಕ್ಷಣ ಓದಿದರು. "ನೀನು ಹೇಳಿದ್ದೇ ಸರಿ ಗೀತಮ್ಮ. ಆದ್ರೆ ನನ್ನ ಮಾತು ಕೇಳು, ಪರೀಕ್ಷೆ ಮುಗಿಯೋವರೆಗೂ ಸುಮ್ನಿರು" ಅಂದರು.

ಗೀತಮ್ಮ ಸುಮ್ಮನಿರಲಿಲ್ಲ. ಟ್ಯುಟೋರಿಯಲ್ಲಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ಹೆಸರು, ಲಕ್ಷಣ, ಸಮನ್ವಯ ಎಲ್ಲವನ್ನೂ ಒಪ್ಪವಾಗಿ ಬರೆದಳು. ಸೊನ್ನೆ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಪಾಠ ಓದಿ ಬರೆಯಿರಿ' ಅಂತ ಇತ್ತು. ಆ ಮೂರು ಪದಗಳು ಅವಳನ್ನು ಉರಿಸಿದಷ್ಟು ಬೇರೇನೂ ಉರಿಸಿರಲಿಲ್ಲ. ಆ ಕೋಣೆಯಲ್ಲಿ ಪಾಠ ಓದಿದ್ದವಳು ಅವಳೊಬ್ಬಳೇ.

ಏಪ್ರಿಲ್ ಪರೀಕ್ಷೆಗೆ ಹೋಗುವ ಬೆಳಿಗ್ಗೆ ದುರುಗಣ್ಣ ಬಸ್ಸಿಗೆ ಬಿಡಲು ಬಂದ. "ಮೇಷ್ಟ್ರು ಹೇಳ್ದಂಗೆ ಬರ್ದು ಬಾ. ಹಠ ಮಾಡ್ಬ್ಯಾಡ" ಅಂದ. ಅವಳು ಹೂಂ ಅಂದಳು. ಪ್ರಶ್ನೆಪತ್ರಿಕೆಯಲ್ಲಿ ಅದೇ ಸಾಲು ಇತ್ತು. ಪೆನ್ನು ಹಿಡಿದು ಅವಳು ಸುಮಾರು ಹೊತ್ತು ಕೂತಳು. 'ಅ' ಅಂತ ಬರೆದಳು. ಆಮೇಲೆ ಅದನ್ನು ಹೊಡೆದು ಹಾಕಿ ವ್ಯಾಜಸ್ತುತಿ ಅಂತ ಬರೆದಳು. ಆಶಯದ ಪ್ರಶ್ನೆಗೂ ತನಗೆ ತೋಚಿದ್ದನ್ನೇ ಒಂದು ಪುಟ ಬರೆದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮೂರು ಅಂಕದಿಂದ ಕನ್ನಡ ಹೋಗಿತ್ತು.

ಯಾವ ಉತ್ತರಕ್ಕೆ ಎಷ್ಟು ಬಿತ್ತೆಂದು ತಿಳಿಯುವ ದಾರಿ ಅವಳಿಗಿರಲಿಲ್ಲ. ವ್ಯಾಜಸ್ತುತಿಗೆ ಪೂರ್ತಿ ಅಂಕ ಬಿದ್ದು, ಹಳಗನ್ನಡ ಪದ್ಯದಲ್ಲಿ ಹೋಗಿದ್ದರೂ ಹೋಗಿರಬಹುದು. ಚಿತ್ರಾ ಮೇಡಂ ಹಾಗೆಯೇ ಹೇಳಿದರು. ಆದರೆ ಮೂರು ಅನ್ನುವ ಆ ಸಂಖ್ಯೆ ಗೀತಮ್ಮನ ತಲೆಯಿಂದ ಇಳಿಯಲಿಲ್ಲ. ದುರುಗಣ್ಣ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹೇಳಿದ್ನಲ್ಲ" ಅಂತ ಒಂದೇ ಮಾತು ಅಂದು ಟ್ರ್ಯಾಕ್ಟರ್ ಹತ್ತಿ ಹೋದ. ಅವಳು ಹಿಂದಿನ ಕೋಣೆಯಲ್ಲಿ ರಾಗಿ ಕೇರುತ್ತ, ಮೊರಕ್ಕೆ ಎಷ್ಟು ಜೋರಾಗಿ ಕೈ ಬಡಿದಳೆಂದರೆ ರಾಗಿಯೆಲ್ಲ ನೆಲಕ್ಕೆ ಚೆಲ್ಲಿತು.

ಜೂನ್‌ನಲ್ಲಿ ಅಂಗನವಾಡಿ ಟೀಚರು ನಿವೃತ್ತರಾದರು. ಅರ್ಜಿ ಹಾಕಿದವರಲ್ಲಿ ಪಕ್ಕದ ಊರಿನಿಂದ ಸೊಸೆಯಾಗಿ ಬಂದ ಶಶಿರೇಖಾ ಎಂಬಾಕೆ ಪಿಯುಸಿ ಓದಿದವಳು. ಕೆಲಸ ಅವಳಿಗೆ ಸಿಕ್ಕಿತು, ಸಿಗಬೇಕಾದ್ದೇ. ಒಳ್ಳೆಯ ಹುಡುಗಿ, ಮೊದಲ ದಿನವೇ ಒಲೆಯ ಹತ್ತಿರ ಬಂದು "ಅಕ್ಕಾ, ಚೆನ್ನಾಗಿದೀರಾ?" ಅಂತ ಮಾತಾಡಿಸಿದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಗೀತಮ್ಮನಿಗೆ ಕಾರಣ ಸಿಗಲಿಲ್ಲ.

ಅದೇ ತಿಂಗಳ ಪೂರಕ ಪರೀಕ್ಷೆಯಲ್ಲಿ ಪಾಠದ ಆಶಯವನ್ನು ಕೇಳಿದ್ದರು, ಜೊತೆಗೆ ಅದರದೇ ಇನ್ನೊಂದು ಸಾಲು ಕೊಟ್ಟು ಅಲಂಕಾರ ಕೇಳಿದ್ದರು. ಗೀತಮ್ಮ ಯೋಚಿಸಲಿಲ್ಲ. ವಿಜ್ಞಾನದ ದುಷ್ಪರಿಣಾಮಗಳು. ಅತಿಶಯೋಕ್ತಿ. ಇದ್ದದ್ದನ್ನು ಮಿತಿಮೀರಿ ಹಿಗ್ಗಿಸಿ ಹೇಳುವುದು. ಗೈಡಿನ ಒಂದಕ್ಷರ ಬಿಡದೆ ಇಳಿಸಿ, ಅರ್ಧ ಗಂಟೆ ಮೊದಲೇ ಎದ್ದು ಬಂದಳು. ಪಾಸಾದಳು.

ಅಂಕಪಟ್ಟಿಯ ಜೆರಾಕ್ಸು ಕೊಡಲು ಟ್ಯುಟೋರಿಯಲ್ಲಿಗೆ ಹೋದಾಗ ಬಾಲರಾಜ್ ಮೇಷ್ಟ್ರು ಒಬ್ಬರೇ ಕೂತು ಬುತ್ತಿ ಬಿಚ್ಚುತ್ತಿದ್ದರು. ಮುಖ ಅರಳಿತು. "ನೋಡಿದ್ರಾ? ಅವತ್ತೇ ಹೇಳ್ದಂಗೆ ಬರ್ದಿದ್ರೆ!"

ಗೀತಮ್ಮ ನಿಂತೇ ಕೇಳಿದಳು. "ಸಾರ್, ಒಂದ್ಮಾತು. ಆ ಕತೆ ನೀವು ಓದಿದೀರಾ?"

ಮೇಷ್ಟ್ರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಇಲ್ಲ ಕಣಮ್ಮ. ವಾರಕ್ಕೆ ಮೂರು ಊರು, ಮೂರು ಸಬ್ಜೆಕ್ಟು. ನನ್ನ ಕೆಲ್ಸ ಪಾಸು ಮಾಡ್ಸೋದು. ಎಲ್ಲ ಓದ್ತಾ ಕೂತ್ರೆ ಆಗಲ್ಲ."

ಅವಳು ಚೀಲದಿಂದ ಪಠ್ಯಪುಸ್ತಕ ತೆಗೆದು, ಪುಟ ಬಿಡಿಸಿ ಬುತ್ತಿಯ ಪಕ್ಕ ಇಟ್ಟಳು. "ಆರೇ ಪುಟ ಐತೆ. ಓದ್ರಿ. ನಾನು ಕಾಯ್ತೀನಿ."

ಅವರು ಅವಳ ಮುಖ ನೋಡಿದರು. ಬೇರೆ ದಾರಿಯಿಲ್ಲವೆಂದು ತಿಳಿದು ಓದತೊಡಗಿದರು. ಎರಡನೇ ಪುಟದಲ್ಲಿ ಮೀಸೆಯ ತುದಿ ಅಲುಗಿತು. ನಾಲ್ಕನೆಯದರಲ್ಲಿ, ಜನ ಎಚ್ಚರಕ್ಕಾಗಿ ಪ್ರಾರ್ಥಿಸುವ ಕಡೆ, ಗಟ್ಟಿಯಾಗಿಯೇ ನಕ್ಕುಬಿಟ್ಟರು. ಕೆಳಗೆ ಗೊಬ್ಬರದಂಗಡಿಯವನು ಮೇಲಕ್ಕೆ ನೋಡಿದ. ಮುಗಿಸಿ ಪುಸ್ತಕ ಮುಚ್ಚಿದರು.

"ನೀವು ಹೇಳಿದ್ದು ನಿಜ. ಹೊಗಳಿ ಹೊಗಳಿ ಚರ್ಮ ಸುಲಿದಿದಾನೆ ಕತೆ ಬರ್ದೋನು."

ಗೀತಮ್ಮನ ಎದೆ ಒಂದು ಕ್ಷಣ ಹಗುರಾಯಿತು. "ಹಂಗಾದ್ರೆ ಇನ್ಮ್ಯಾಲೆ ಮಕ್ಕಳಿಗೆ ಹಂಗೇ ಹೇಳ್ಕೊಡ್ತೀರಾ ಸಾರ್?"

ಮೇಷ್ಟ್ರು ತಲೆ ಕೆರೆದುಕೊಂಡರು. "ಹೇಳೋದೇನೋ ಹೇಳ್ತೀನಿ. ಆದ್ರೆ ಪರೀಕ್ಷೆಲಿ ಅತಿಶಯೋಕ್ತಿ ಅಂತಾನೇ ಬರೀರಿ ಅನ್ಬೇಕಾಗ್ತದೆ. ಒಂದು ಮಗು ಫೇಲಾದ್ರೂ ಅವರಪ್ಪ ಬಂದು ನನ್ನ ಕೇಳ್ತಾನೆ, ಗೈಡು ಬರ್ದೋನನ್ನ ಕೇಳಲ್ಲ."

ಫೇಲಾದ ಆ ಮಗು ಅವಳೇ ಆಗಿದ್ದಳಲ್ಲ. ಪುಸ್ತಕ ಚೀಲಕ್ಕೆ ಹಾಕಿಕೊಂಡು "ಬರ್ತೀನಿ ಸಾರ್" ಅಂದು ಮೆಟ್ಟಿಲಿಳಿದಳು. ಬಸ್ಸು ಬಂದಿರಲಿಲ್ಲ. ಬಂದಾಗಲೂ ಕೂರಲು ಜಾಗವಿರಲಿಲ್ಲ, ಊರು ಬರುವ ತನಕ ನಿಂತೇ ಬಂದಳು.

ಮೂರು ವರ್ಷದ ನಂತರ, ಎರಡು ಸಾವಿರದ ಏಳರಲ್ಲಿ, ನಾಲ್ಕು ಮೈಲಿ ಆಚೆಯ ಇನ್ನೊಂದು ಹಟ್ಟಿಯಲ್ಲಿ ಅವಳಿಗೆ ಅಂಗನವಾಡಿ ಟೀಚರ ಕೆಲಸ ಸಿಕ್ಕಿತು. ದಿನಾ ಹೋಗಿ ಬರುವುದು ನಡೆದೇ. ಕುರಿ ಕಾಯುವವರ ಮಕ್ಕಳು ಹದಿನೆಂಟು ಜನ, ಅರ್ಧ ಮಕ್ಕಳಿಗೆ ತೆಲುಗು ಬಿಟ್ಟು ಬೇರೆ ಬಾರದು. ಅವಳು ಎರಡೂ ಭಾಷೆಯಲ್ಲಿ ಕತೆ ಹೇಳುತ್ತಾಳೆ. ಮಕ್ಕಳಿಗೆ ಅವಳೆಂದರೆ ಪ್ರಾಣ, ಮೇಲ್ವಿಚಾರಕಿಯೂ ಹೊಗಳಿ ಬರೆದಿದ್ದಾರೆ.

ಆದರೂ ಯಾರಾದರೂ "ಅಂತೂ ಕನ್ನಡ ಪಾಸಾಯ್ತಲ್ಲ ಗೀತಮ್ಮ" ಅಂದರೆ ಅವಳ ಮುಖ ಗಂಟಿಕ್ಕುತ್ತದೆ. ಒಮ್ಮೆ ಉಣ್ಣುತ್ತಿದ್ದಾಗ ದುರುಗಣ್ಣ ಕೇಳಿಯೇಬಿಟ್ಟ.

"ಕೆಲ್ಸ ಸಿಕ್ತು, ಇನ್ನೇನು ನಿಂದು?"

"ಸಿಕ್ತು. ಇಲ್ಲ ಅಂದ್ನಾ?" ಅಂದಳು ಗೀತಮ್ಮ, ಅವನ ತಟ್ಟೆಗೆ ಮುದ್ದೆ ಹಾಕುತ್ತ. "ಆದ್ರೆ ನಾನು ಮೊದ್ಲು ಬರ್ದಿದ್ದು ಸರಿ ಇತ್ತು."